ಕಾನ್ವೆಂಟ್ ಅಂದ್ರೆ ಬಡವರ ಶಾಲೆ ಆಗಿದ್ದ ಕಾಲ: ಪೆನೋಲಾ, ವಿಶಾಖಪಟ್ಟಣ, ಮಂಗಳೂರು

(ವಿಡಿಯೋದಲ್ಲಿ ಆಡಿದ ಮಾತಿನ ಬರಹರೂಪ ಇದು. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ವಾಕ್ಯ ಸರಿಮಾಡಿದ್ದೇನೆ, ಕೆಲವು ಇಸವಿಗಳನ್ನು ಸೇರಿಸಿದ್ದೇನೆ.)



ಅಡ್ಮಿಷನ್ ಸಮಯ ಬಂತು ಅಂದ್ರೆ ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ. ವಿಶಾಖಪಟ್ಟಣದಲ್ಲಿ ಇರೋರು “ಮಧುರವಾಡದ ಹತ್ತಿರ ಒಳ್ಳೆ ಕಾನ್ವೆಂಟ್ ಯಾವ್ದಿದೆ?” ಅಂತ ಕೇಳ್ತಾರೆ. ವಿಜಯವಾಡದವರು ಗನ್ನವರಂ ಕಡೆ ಕೇಳ್ತಾರೆ. ಬೆಂಗಳೂರಲ್ಲಿ ಇರೋ ಅಣ್ಣ, ಅತ್ತಿಗೆ ಕೂಡ ಇದನ್ನೇ ಕೇಳ್ತಿರ್ತಾರೆ, ಅಲ್ಲಿ ಏರಿಯಾ ಹೆಸರು ಮಾತ್ರ ಬೇರೆ.

ಈ ‘ಕಾನ್ವೆಂಟ್’ ಅನ್ನೋ ಪದ ನೋಡಿ. ಕನ್ನಡದಲ್ಲಿ ‘ಮಗೂನ ಕಾನ್ವೆಂಟಿಗೆ ಹಾಕಿದ್ದೀವಿ’ ಅಂದ್ರೆ ಮೂರು ಅರ್ಥ: ಇಂಗ್ಲಿಷ್ ಮೀಡಿಯಂ, ಫೀಸು ಜಾಸ್ತಿ, ಟೈ ಮತ್ತು ಶೂ ಕಡ್ಡಾಯ. ತೆಲುಗಿನಲ್ಲೂ ಹಾಗೇ. ಎರಡು ರೂಮಿನ ಖಾಸಗಿ ಶಾಲೆಯ ಬೋರ್ಡಿನ ಮೇಲೂ ‘ಕಾನ್ವೆಂಟ್’ ಅಂತ ಬರೆದಿರುತ್ತೆ, ಒಳಗೆ ಒಬ್ಬ ಸಿಸ್ಟರ್ ಕೂಡ ಇರಲ್ಲ. ಆದರೆ ಪದದ ಮೂಲ ಅರ್ಥ ಶಾಲೆ ಅಲ್ಲವೇ ಅಲ್ಲ. ಕ್ಯಾಥೊಲಿಕ್ ಸಿಸ್ಟರುಗಳು ಒಟ್ಟಿಗೆ ವಾಸ ಮಾಡುವ ಮನೆ, ಅಂದರೆ ಕನ್ಯಾಮಠ. ಆ ಮಠದ ಪಕ್ಕದಲ್ಲಿ ಶಾಲೆ ಇರುತ್ತಿತ್ತು. ಅಂಥ ಎಷ್ಟೋ ಶಾಲೆಗಳನ್ನು ತೆರೆದದ್ದು ಫೀಸು ಕೊಡಲಾಗದ ಮಕ್ಕಳಿಗಾಗಿ.

ಬಡವರ ಶಾಲೆಯ ಹೆಸರು ದುಡ್ಡಿದ್ದವರ ಶಾಲೆಯ ಹೆಸರು ಆಗಿದ್ದು ಹೇಗೆ? ಇವತ್ತಿನ ಮಾತು ಅದರ ಬಗ್ಗೆ. ಶುರು ಮಾಡೋದು ಬಹಳ ದೂರದ ಒಂದು ಸಣ್ಣ ಊರಿನ ಮ್ಯೂಸಿಯಂನಿಂದ. ಅಲ್ಲಿಂದ ಒಂದು ದಾರ ಹಿಡಿದು ಹೋದರೆ ಅದು ನೇರವಾಗಿ ನಮ್ಮ ವಿಶಾಖಪಟ್ಟಣದ ರೈಲ್ವೆ ಸ್ಟೇಷನ್ ಹತ್ತಿರ ಬಂದು ನಿಲ್ಲುತ್ತೆ.

ಕುದುರೆ ಲಾಯದಲ್ಲಿ ಶುರುವಾದ ಶಾಲೆ

ಮೆಲ್ಬರ್ನ್, ಅಡಿಲೇಡಿನಲ್ಲಿ ಇರುವ ನಮ್ಮ ವೀಕ್ಷಕರಿಗೆ ಈ ಊರು ಗೊತ್ತಿರಬಹುದು. ದಕ್ಷಿಣ ಆಸ್ಟ್ರೇಲಿಯಾದ ಪೆನೋಲಾ. ಪಕ್ಕದ ಕೂನವಾರಾದ ದ್ರಾಕ್ಷಿ ತೋಟಗಳಿಂದಾಗಿ ಜನ ಆ ಕಡೆ ಹೋಗ್ತಾರೆ. ನಮ್ಮ ಕಡೆಯ ಲೆಕ್ಕದಲ್ಲಿ ಅದೊಂದು ಹೋಬಳಿ ಊರಿಗಿಂತ ಸಣ್ಣದು. ಅಲ್ಲಿ 1867ರಲ್ಲಿ ಕಟ್ಟಿದ ಒಂದು ಕಲ್ಲಿನ ಶಾಲಾಮನೆಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ಪಕ್ಕದಲ್ಲೇ ಮ್ಯೂಸಿಯಂ. ಅದು ಹೇಳೋದು ಮೇರಿ ಮೆಕಿಲ್ಲಪ್ ಮತ್ತು ಜೂಲಿಯನ್ ಟೆನಿಸನ್ ವುಡ್ಸ್ ಎಂಬ ಇಬ್ಬರ ಕತೆ.

ಮೇರಿ ಹುಟ್ಟಿದ್ದು 1842ರಲ್ಲಿ, ಮೆಲ್ಬರ್ನಿನಲ್ಲಿ. ತಂದೆ ತಾಯಿ ಸ್ಕಾಟ್ಲೆಂಡಿನಿಂದ ವಲಸೆ ಬಂದವರು. ತಂದೆಗೆ ಯಾವ ಕೆಲಸವೂ ಕೈಹತ್ತಲಿಲ್ಲ. ಎಂಟು ಮಕ್ಕಳಲ್ಲಿ ಮೊದಲನೆಯವಳಾದ ಮೇರಿ ಹದಿನಾಲ್ಕನೇ ವಯಸ್ಸಿಗೇ ಒಂದು ಸ್ಟೇಷನರಿ ಅಂಗಡಿಯಲ್ಲಿ ಗುಮಾಸ್ತಿಕೆಗೆ ಸೇರಿದರು. ಮನೆ ನಡೆಯುತ್ತಿದ್ದದ್ದು ಆ ಸಂಬಳದ ಮೇಲೆ. 1860ರಲ್ಲಿ ಪೆನೋಲಾಕ್ಕೆ ಬಂದದ್ದು ಕೂಡ ಸಂಬಂಧಿಕರ ಮಕ್ಕಳಿಗೆ ಮನೆಪಾಠ ಹೇಳುವುದಕ್ಕೆ. ಅಲ್ಲಿನ ಪಾದ್ರಿ ವುಡ್ಸ್. ಸುತ್ತಲಿನ ಕುರಿಕಾಯುವವರ, ಕೂಲಿಯವರ ಮಕ್ಕಳಿಗೆ ಶಾಲೆಯೇ ಇಲ್ಲ ಅನ್ನೋದು ಇಬ್ಬರ ಚಿಂತೆ.

ಇಲ್ಲಿ ಒಂದು ಹಿನ್ನೆಲೆ ಬೇಕು. ದಕ್ಷಿಣ ಆಸ್ಟ್ರೇಲಿಯಾದ ಸರ್ಕಾರ 1851ರಲ್ಲೇ ಚರ್ಚುಗಳಿಗೆ ಕೊಡುತ್ತಿದ್ದ ಹಣ ನಿಲ್ಲಿಸಿಬಿಟ್ಟಿತ್ತು. ಅಂದರೆ ಚರ್ಚು ಶಾಲೆ ನಡೆಸಬೇಕಾದರೆ ಫೀಸು ಕೇಳಬೇಕು, ಇಲ್ಲವೇ ಸಂಬಳ ಕೇಳದ ಶಿಕ್ಷಕರನ್ನು ಹುಡುಕಬೇಕು.

1866ರಲ್ಲಿ ಮೇರಿ ಮತ್ತು ಅವರ ತಂಗಿಯರು ಒಂದು ಹಳೇ ಕುದುರೆ ಲಾಯದಲ್ಲಿ ಶಾಲೆ ತೆರೆದರು. ಲಾಯವನ್ನು ರಿಪೇರಿ ಮಾಡಿಕೊಟ್ಟವರು ತಮ್ಮ ಜಾನ್. ಫೀಸು ಕೊಡಲಾಗದ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ, ಅದು ನಿಯಮ. ಹೀಗೆ ಹುಟ್ಟಿದ್ದು ‘ಸಿಸ್ಟರ್ಸ್ ಆಫ್ ಸೇಂಟ್ ಜೋಸೆಫ್ ಆಫ್ ದ ಸೇಕ್ರೆಡ್ ಹಾರ್ಟ್’ ಎಂಬ ಸಭೆ. ಕಂದು ಬಣ್ಣದ ಉಡುಪಿನಿಂದಾಗಿ ಜನ ಅವರನ್ನು ‘ಬ್ರೌನ್ ಜೋಯಿ’ಗಳು ಅಂತ ಕರೆದರು. 1871ರ ಹೊತ್ತಿಗೆ ಸುಮಾರು 130 ಸಿಸ್ಟರುಗಳು, 40ಕ್ಕೂ ಹೆಚ್ಚು ಶಾಲೆ ಮತ್ತು ಸೇವಾಕೇಂದ್ರಗಳು. ಐದು ವರ್ಷದಲ್ಲಿ!

ಇಷ್ಟು ವೇಗ ಹೇಗೆ ಸಾಧ್ಯ ಆಯ್ತು? ಅವರು ದೊಡ್ಡ ಕಟ್ಟಡ ಕಟ್ಟೋಕೆ ಕಾಯಲಿಲ್ಲ. ಇಬ್ಬರು ಅಥವಾ ಮೂವರು ಸಿಸ್ಟರುಗಳು, ಒಂದು ಬಾಡಿಗೆ ಮನೆ, ಎದುರಿಗೆ ಸಿಕ್ಕ ಒಂದು ಕೋಣೆ, ಅಷ್ಟೇ. ಗಣಿಗಾರರ ಕ್ಯಾಂಪಿನ ಪಕ್ಕ, ರೈಲು ಹಳಿ ಹಾಕುವವರ ಗುಡಿಸಲ ಪಕ್ಕ ಮನೆ ಹಿಡಿಯುತ್ತಿದ್ದರು. ಜನ ಬದುಕುವ ಹಾಗೇ ಬದುಕುತ್ತಿದ್ದರು.

ಆದರೆ ಯಾರ ಮಾತು ನಡೆಯಬೇಕು ಅನ್ನೋ ಜಗಳ ಬಂತು. ಸಿಸ್ಟರುಗಳು ಹೇಳಿದ್ದು: ನಮಗೆ ನಮ್ಮದೇ ಒಬ್ಬರು ಮುಖ್ಯಸ್ಥೆ ಇರಬೇಕು, ಎಲ್ಲಿಗೆ ಬೇಕೋ ಅಲ್ಲಿಗೆ ಅವರು ಕಳಿಸಬೇಕು. ಬಿಷಪ್ ಹೇಳಿದ್ದು: ನನ್ನ ಪ್ರದೇಶದಲ್ಲಿ ನನ್ನ ಮಾತು. 1871ರ ಸೆಪ್ಟೆಂಬರಿನಲ್ಲಿ ಬಿಷಪ್ ಶೀಲ್ ಮೇರಿಗೆ ಧರ್ಮಸಭೆಯಿಂದಲೇ ಬಹಿಷ್ಕಾರ ಹಾಕಿದರು. ಬೀದಿಗೆ ಬಿದ್ದ ಸಿಸ್ಟರುಗಳಿಗೆ ಬಾಡಿಗೆ ಇಲ್ಲದೆ ಮನೆ ಕೊಟ್ಟವರು ಇಮ್ಯಾನುಯೆಲ್ ಸಾಲೊಮನ್ ಎಂಬ ಯಹೂದಿ ವ್ಯಾಪಾರಿ. ಐದು ತಿಂಗಳ ನಂತರ, ಸಾವಿನ ಹಾಸಿಗೆಯಲ್ಲಿದ್ದ ಬಿಷಪ್ ಆ ಬಹಿಷ್ಕಾರವನ್ನು ಹಿಂದಕ್ಕೆ ತೆಗೆದುಕೊಂಡರು. ಅದೇ ಮೇರಿಗೆ 2010ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಸಂತ ಪದವಿ ಸಿಕ್ಕಿತು. ಆಸ್ಟ್ರೇಲಿಯಾದ ಮೊದಲ ಸಂತೆ ಅವರು.

ಈಗ ದಾರದ ತುದಿ. ಈ ಸಭೆಗೆ ‘ಸೇಂಟ್ ಜೋಸೆಫ್’ ಅನ್ನೋ ಹೆಸರು ಯಾಕೆ? ವುಡ್ಸ್ ಪಾದ್ರಿ ಆಗುವ ಮೊದಲು ಫ್ರಾನ್ಸಿನಲ್ಲಿ ಇದ್ದಾಗ ಅಲ್ಲಿ ಸೇಂಟ್ ಜೋಸೆಫ್ ಸಿಸ್ಟರುಗಳು ಹಳ್ಳಿಗಳಲ್ಲಿ ಕೆಲಸ ಮಾಡೋದನ್ನ ನೋಡಿದ್ದರು. ಆಸ್ಟ್ರೇಲಿಯಾದಲ್ಲಿ ಅಂಥದ್ದೇ ಮಾಡಬೇಕು ಅನ್ನೋದು ಅವರ ಕನಸಾಗಿತ್ತು. ಆ ಫ್ರೆಂಚ್ ಮೂಲದ ಇನ್ನೊಂದು ಕೊಂಬೆ ಪೆನೋಲಾದ ಶಾಲೆಗಿಂತ ಹದಿನೇಳು ವರ್ಷ ಮೊದಲೇ ನಮ್ಮ ತೆಲುಗು ಕರಾವಳಿಗೆ ಬಂದಿತ್ತು.

ಲೇಸು ಹೆಣೆಯುವ ಊರಿನಿಂದ ಯಾನಾಂವರೆಗೆ

ಮೂಲ ಊರಿನ ಹೆಸರು ಲ ಪುಯಿ. ಫ್ರಾನ್ಸಿನ ನಡುಭಾಗದ ಬೆಟ್ಟಗಾಡಿನ ಊರು, ಲೇಸು ಹೆಣಿಗೆಗೆ ಹೆಸರುವಾಸಿ. 1650ರಲ್ಲಿ ಅಲ್ಲಿ ಜೀನ್-ಪಿಯೆರ್ ಮೆದಾಯ್ ಎಂಬ ಜೆಸ್ವಿಟ್ ಪಾದ್ರಿಯ ಮಾರ್ಗದರ್ಶನದಲ್ಲಿ ಆರು ಜನ ಹೆಂಗಸರು ಒಂದು ಗುಂಪು ಕಟ್ಟಿದರು. ಆಗಿನ ನಿಯಮದ ಪ್ರಕಾರ ಕನ್ಯಾಸ್ತ್ರೀ ಅಂದ್ರೆ ಗೋಡೆಯ ಒಳಗೆ ಇರಬೇಕು, ಪ್ರಾರ್ಥನೆ ಮಾಡಬೇಕು, ಹೊರಗೆ ಬರಕೂಡದು. ಇವರು ಊರೊಳಗೆ ಓಡಾಡುತ್ತಾ ಅನಾಥ ಹುಡುಗಿಯರಿಗೆ ಲೇಸು ಹೆಣೆಯೋದು ಕಲಿಸಿ ಹೊಟ್ಟೆಪಾಡಿಗೆ ದಾರಿ ಮಾಡಿದರು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ, ಸ್ಕಿಲ್ ಟ್ರೈನಿಂಗ್.

ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಈ ಗುಂಪುಗಳನ್ನು ಚದುರಿಸಲಾಯಿತು, ಕೆಲವು ಸಿಸ್ಟರುಗಳ ತಲೆಯೂ ಹೋಯಿತು. ಉಳಿದವರಿಂದ 1807ರಲ್ಲಿ ಮತ್ತೆ ಶುರುವಾಯಿತು. 1833ರಲ್ಲಿ ಆನ್ಸಿ ಎಂಬ ಊರಿನ ಮನೆ ಸ್ವತಂತ್ರ ಶಾಖೆ ಆಯಿತು. ಆನ್ಸಿ ಆಗ ಸವಾಯ್ ಪ್ರಾಂತ್ಯದ ಊರು. ಈಗ ಫ್ರಾನ್ಸಿನಲ್ಲಿದೆ.

ಅದೇ ಆನ್ಸಿಯಿಂದ 1845ರಲ್ಲಿ ಸೇಂಟ್ ಫ್ರಾನ್ಸಿಸ್ ಡಿ ಸೇಲ್ಸ್ ಸಭೆಯ ಪಾದ್ರಿಗಳು ಭಾರತಕ್ಕೆ ಹೊರಟರು, 1846ರಲ್ಲಿ ವಿಶಾಖಪಟ್ಟಣ ತಲುಪಿದರು. ಅವರಿಗೆ ಕೊಟ್ಟ ಪ್ರದೇಶ ಎಷ್ಟು ದೊಡ್ಡದು ಅಂದ್ರೆ ಒಂದು ಕಡೆ ಗೋದಾವರಿ, ಇನ್ನೊಂದು ಕಡೆ ಒಡಿಶಾ, ಒಳಕ್ಕೆ ನಾಗಪುರದವರೆಗೆ. ಹಳೇ ಊರಿನ ಸೇಂಟ್ ಅಲೋಶಿಯಸ್ ಹುಡುಗರ ಶಾಲೆ 1847ರಿಂದ ಇದೆ. ಆದರೆ ಆ ಕಾಲದಲ್ಲಿ ಗಂಡಸರು ನಡೆಸುವ ಶಾಲೆಗೆ ಹೆಣ್ಣುಮಕ್ಕಳನ್ನು ಕಳಿಸುವವರು ಯಾರು? ಅದಕ್ಕೆ ಸಿಸ್ಟರುಗಳು ಬೇಕಾಯಿತು.

1849ರಲ್ಲಿ ಆನ್ಸಿಯ ಸೇಂಟ್ ಜೋಸೆಫ್ ಸಿಸ್ಟರುಗಳು ಬಂದು ಇಳಿದದ್ದು ಯಾನಾಂನಲ್ಲಿ. ಕಾಕಿನಾಡ ಹತ್ತಿರ, ಗೋದಾವರಿ ದಡದ ಪುಟ್ಟ ಊರು. ಆಗ ಅದು ಫ್ರೆಂಚರ ಕೈಯಲ್ಲಿತ್ತು, ಇವತ್ತಿಗೂ ಪುದುಚೇರಿಗೆ ಸೇರಿದೆ. ಈ ಇಸವಿ ನೋಡಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ವಿಜಯವಾಡದಿಂದ ಈ ಕರಾವಳಿಯುದ್ದಕ್ಕೆ ರೈಲು ಓಡಿದ್ದು 1893ರ ಹೊತ್ತಿಗೆ. ಇವೆರಡೂ ಇಲ್ಲದ ಕಾಲದಲ್ಲಿ, ತೆಲುಗಿನ ಒಂದಕ್ಷರ ಗೊತ್ತಿಲ್ಲದ ಹೆಂಗಸರು, ವಾಪಸ್ ಹೋಗುವ ಟಿಕೆಟ್ ಇಲ್ಲದೆ ಬಂದರು. ನಾವು ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಬಂದು, ‘ಭಾಷೆ ಬರಲ್ಲ, ತುಂಬಾ ಕಷ್ಟ’ ಅಂತೀವಲ್ಲ, ಅದಕ್ಕೆ ಹೇಳಿದೆ.

ಅವರ ಕೆಲಸ ಯಾನಾಂನಿಂದ ವಿಶಾಖಪಟ್ಟಣಕ್ಕೂ ಸುತ್ತಲಿನ ಊರುಗಳಿಗೂ ಹರಡಿತು. ರೈಲ್ವೆ ಸ್ಟೇಷನ್ ಪಕ್ಕದ ಜ್ಞಾನಾಪುರಂ ಗೊತ್ತಲ್ಲ? ಅಲ್ಲಿರುವ ಸೇಂಟ್ ಜೋಸೆಫ್ಸ್ ಮಹಿಳಾ ಕಾಲೇಜು ಇದೇ ಸಿಸ್ಟರುಗಳು 1958ರಲ್ಲಿ ಶುರುಮಾಡಿದ್ದು. ನಮ್ಮ ಆಫೀಸುಗಳಲ್ಲಿ ಕೆಲಸ ಮಾಡುವ ಎಷ್ಟೋ ವೈಜಾಗ್ ಹುಡುಗಿಯರ ಅಮ್ಮಂದಿರು ಅಲ್ಲಿ ಓದಿದವರು. ಕೇಳಿ ನೋಡಿ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಕೆಲವರು ಖಂಡಿತ ಕೇಳ್ತೀರಿ: ಇವರು ಮತ ಪ್ರಚಾರಕ್ಕೆ ಬಂದವರಲ್ವಾ? ಹೌದು, ಇದು ಮಿಷನ್ ಕೆಲಸವೇ, ಅವರೂ ಅದನ್ನ ಮುಚ್ಚಿಟ್ಟಿಲ್ಲ. ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು ಇವರೊಬ್ಬರೇ ಅಂತಲೂ ಅಲ್ಲ. 1848ರಲ್ಲಿ ಪುಣೆಯಲ್ಲಿ ಜ್ಯೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ, 1874ರಲ್ಲಿ ಇಲ್ಲೇ ಗೋದಾವರಿ ದಡದ ಧವಳೇಶ್ವರದಲ್ಲಿ ಕಂದುಕೂರಿ ವೀರೇಶಲಿಂಗಂ, 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಕುದ್ಮುಲ್ ರಂಗರಾವ್. ಎಲ್ಲರೂ ಬೈಗುಳ ತಿಂದವರೇ. ಸಿಸ್ಟರುಗಳ ಕತೆಯನ್ನು ಈ ಸಾಲಿನಲ್ಲಿಟ್ಟು ನೋಡಬೇಕು.

ಫೀಸಿಲ್ಲದ ಶಾಲೆಗೆ ದುಡ್ಡು ಎಲ್ಲಿಂದ?

ನನಗೆ ಎಲ್ಲಕ್ಕಿಂತ ಕುತೂಹಲ ಇದ್ದದ್ದು ಈ ಪ್ರಶ್ನೆಯಲ್ಲಿ. ನಾವು ಪ್ರಾಜೆಕ್ಟು, ಬಜೆಟ್ಟು ಅಂತ ಬದುಕೋ ಜನ. ಫೀಸು ಇಲ್ಲ ಅಂದ್ರೆ ಶಾಲೆ ನಡೆಯೋದು ಹೇಗೆ?

ಮೊದಲನೇ ಉತ್ತರ: ಶಿಕ್ಷಕರ ಸಂಬಳ ಇಲ್ಲ. ಯಾವ ಶಾಲೆಯ ಲೆಕ್ಕ ತೆಗೆದರೂ ಅತಿ ದೊಡ್ಡ ಖರ್ಚು ಸಂಬಳವೇ. ಸಿಸ್ಟರುಗಳು ಬಡತನದ ವ್ರತ ತೆಗೆದುಕೊಂಡವರು. ದುಡಿದದ್ದೆಲ್ಲ ಮಠಕ್ಕೆ, ಅವರಿಗೆ ಊಟ, ಬಟ್ಟೆ, ಇರೋಕೆ ಜಾಗ. ಇದು ಹಳೇ ಕಾಲದ ಮಾತಲ್ಲ. ಅನುದಾನಿತ ಶಾಲೆಯಲ್ಲಿ ಪಾಠ ಮಾಡುವ ಸಿಸ್ಟರಿಗೆ ಸರ್ಕಾರ ಕೊಡುವ ಸಂಬಳ ಇವತ್ತೂ ಸಭೆಗೇ ಹೋಗುತ್ತೆ. ಆ ಸಂಬಳಕ್ಕೆ ಟಿಡಿಎಸ್ ಹಿಡಿಯಬೇಕೋ ಬೇಡವೋ ಅಂತ ವರ್ಷಗಟ್ಟಲೆ ಕೇಸು ನಡೆದು, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ‘ಹಿಡಿಯಬೇಕು’ ಅಂತ ಹೇಳಿತು. ದುಡ್ಡು ಕೊನೆಗೆ ಯಾರ ಕೈ ಸೇರುತ್ತೆ ಅನ್ನೋದು ಬೇರೆ, ಸಂಬಳ ಸಂಬಳವೇ ಅನ್ನೋದು ವಾದ. ಫಾರ್ಮ್ 16 ನೋಡಿ ನಿಟ್ಟುಸಿರು ಬಿಡೋ ನಮಗೆ ಇದು ಅರ್ಥ ಆಗುತ್ತೆ!

ಎರಡನೇ ಉತ್ತರ: ಒಂದೇ ಕಾಂಪೌಂಡಿನಲ್ಲಿ ಎರಡು ಶಾಲೆ. ಬ್ರಿಟಿಷರ ಕಾಲದ ಕಾನ್ವೆಂಟುಗಳಲ್ಲಿ ಸಾಮಾನ್ಯವಾಗಿ ಕಂಡುಬಂದ ಏರ್ಪಾಡು ಇದು. ಒಂದು ಬೋರ್ಡಿಂಗ್ ಶಾಲೆ: ಅಧಿಕಾರಿಗಳ, ರೈಲ್ವೆಯವರ, ಆಂಗ್ಲೋ-ಇಂಡಿಯನ್ ಮನೆಗಳ ಮಕ್ಕಳಿಗೆ, ಇಂಗ್ಲಿಷಿನಲ್ಲಿ, ಪಿಯಾನೋ ಪಾಠದ ಸಮೇತ, ಫೀಸು ಕೊಟ್ಟು. ಇನ್ನೊಂದು ಬಡವರ ಶಾಲೆ: ಊರ ಮಕ್ಕಳಿಗೆ, ಅನಾಥರಿಗೆ, ಊರಿನ ಭಾಷೆಯಲ್ಲಿ, ಬಿಟ್ಟಿಯಾಗಿ. ಮೊದಲನೆಯದರ ಆದಾಯದಿಂದ ಎರಡನೆಯದು ನಡೆಯಬೇಕು. ದುಡ್ಡು ಕೊಡುವ ಗ್ರಾಹಕರಿಂದ ಬಂದದ್ದರಲ್ಲಿ ಫ್ರೀ ಗ್ರಾಹಕರನ್ನು ಸಾಕೋ ಆ್ಯಪುಗಳನ್ನು ನಾವೇ ಬರೆದುಕೊಟ್ಟಿದ್ದೀವಲ್ಲ, ಹಾಗೆ.

ಇದರಲ್ಲಿ ಒಂದು ಮುಳ್ಳೂ ಇತ್ತು. ಎರಡು ಶಾಲೆಯ ಮಕ್ಕಳು ಒಂದೇ ಗೇಟಿನಿಂದ ಬಂದರೂ ಒಂದೇ ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ಮಠದೊಳಗೂ ಎಷ್ಟೋ ಯುರೋಪಿಯನ್ ಸಭೆಗಳಲ್ಲಿ ವರದಕ್ಷಿಣೆ ತಂದ, ಓದಿದ ಸಿಸ್ಟರುಗಳು ಒಂದು ದರ್ಜೆ, ಅಡುಗೆ ಮತ್ತು ಒಗೆತದ ಕೆಲಸದ ಸಿಸ್ಟರುಗಳು ಇನ್ನೊಂದು ದರ್ಜೆ. ಪೆನೋಲಾದ ಮೇರಿ ಹಟ ಹಿಡಿದು ಈ ಎರಡು ದರ್ಜೆ ಬೇಡ ಅಂದರು. ಅವರ ಸಭೆ ಆ ಕಾಲಕ್ಕೆ ವಿಚಿತ್ರವಾಗಿ ಕಂಡದ್ದಕ್ಕೆ ಇದೂ ಒಂದು ಕಾರಣ.

ಮೂರನೇ ಉತ್ತರ: ಸರ್ಕಾರದ ಅನುದಾನ. 1854ರ ವುಡ್ಸ್ ಡಿಸ್ಪ್ಯಾಚ್ ಅಂತ ಹೈಸ್ಕೂಲಿನಲ್ಲಿ ಓದಿದ್ದು ನೆನಪಿರಬಹುದು. (ಈ ವುಡ್ ಬೇರೆ, ಪೆನೋಲಾದ ವುಡ್ಸ್ ಬೇರೆ.) ಖಾಸಗಿಯವರು ನಡೆಸುವ ಶಾಲೆಗೂ ತಪಾಸಣೆ ಮಾಡಿ ಸರ್ಕಾರ ಹಣ ಕೊಡಬಹುದು ಅಂತ ಅದು ದಾರಿ ತೆರೆಯಿತು. ಇನ್ನು ಹೊಲಿಗೆ, ಕಸೂತಿ, ಲೇಸು ಮಾರಿದ ದುಡ್ಡು, ಊರಿಂದ ಬರುವ ದಾನ ಇವೆಲ್ಲ ಅದರ ಮೇಲೆ.

ಮದ್ರಾಸ್ ಪ್ರಾಂತ್ಯದ ಅನುದಾನದ ನಿಯಮ ವಿಶಾಖಪಟ್ಟಣಕ್ಕೂ ಅದೇ, ಮಂಗಳೂರಿಗೂ ಅದೇ. ಎರಡೂ ಜಿಲ್ಲೆ ಆಗ ಒಂದೇ ಪ್ರಾಂತ್ಯದಲ್ಲಿ ಇದ್ದವು. ಹಾಗಾಗಿ ಈ ಕತೆಯ ಕನ್ನಡದ ಭಾಗ ಇರೋದು ಮಂಗಳೂರಿನಲ್ಲಿ.

ಮಂಗಳೂರಿನ ಎರಡು ಮನೆ

ಮೊದಲನೆಯದು ಅಪೊಸ್ತೊಲಿಕ್ ಕಾರ್ಮೆಲ್. ಸ್ಥಾಪಕಿ ಮದರ್ ವೆರೋನಿಕಾ. ಹುಟ್ಟುಹೆಸರು ಸೋಫಿ ಲೀವ್ಸ್, 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿದವರು, ಒಬ್ಬ ಆಂಗ್ಲಿಕನ್ ಪಾದ್ರಿಯ ಮಗಳು. ಕ್ಯಾಥೊಲಿಕ್ ಆಗಿ, ಸಿಸ್ಟರ್ ಆಗಿ 1860ರ ದಶಕದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದು ಕೆಲಸ ಮಾಡಿದರು. ಇಲ್ಲಿನ ಹೆಣ್ಣುಮಕ್ಕಳಿಗೆ ಪಾಠ ಹೇಳುವುದಕ್ಕೆಂದೇ ಒಂದು ಸಭೆ ಬೇಕು ಅಂತ ಫ್ರಾನ್ಸಿಗೆ ಹಿಂದಿರುಗಿ 1868ರಲ್ಲಿ ಬಯೋನ್ ಊರಿನಲ್ಲಿ ಅದನ್ನು ಕಟ್ಟಿದರು. ಆ ಸಭೆಯ ಸಿಸ್ಟರುಗಳು ಮಂಗಳೂರಿಗೆ ಬಂದದ್ದು 1870ರ ನವೆಂಬರಿನಲ್ಲಿ. ಸೇಂಟ್ ಆ್ಯನ್ಸ್ ಶಾಲೆ ಶುರುವಾದದ್ದು ಹಾಗೆ. ಅದೇ ಸಭೆ 1921ರಲ್ಲಿ ಸೇಂಟ್ ಆ್ಯಗ್ನೆಸ್ ಮಹಿಳಾ ಕಾಲೇಜು ತೆರೆಯಿತು. ವೆರೋನಿಕಾ ಮಾತ್ರ ಆ ತಂಡದ ಜೊತೆ ಬರಲಿಲ್ಲ. ಫ್ರಾನ್ಸಿನಲ್ಲೇ ಉಳಿದು 1906ರಲ್ಲಿ ತೀರಿಕೊಂಡರು.

ಎರಡನೆಯದು ಬೆಥನಿ. ಇದು ಹೊರಗಿನಿಂದ ಬಂದದ್ದಲ್ಲ, ಇಲ್ಲೇ ಹುಟ್ಟಿದ್ದು. ಸ್ಥಾಪಕರು ಮೊನ್ಸಿಂಜೊರ್ ರೇಮಂಡ್ ಫ್ರಾನ್ಸಿಸ್ ಕಮಿಲಸ್ ಮಸ್ಕರೇನ್ಹಸ್. ಹುಟ್ಟಿದ್ದು 1875ರಲ್ಲಿ, ನಮ್ಮ ಶಿವಮೊಗ್ಗದಲ್ಲಿ. 1921ರ ಜುಲೈ 16ರಂದು ಮಂಗಳೂರಿನ ಬೆಂದೂರಿನಲ್ಲಿ ನಾಲ್ವರು ಸ್ಥಳೀಯ ಶಿಕ್ಷಕಿಯರನ್ನು ಸೇರಿಸಿಕೊಂಡು ಸಭೆ ಶುರುಮಾಡಿದರು. ಅವರ ಲೆಕ್ಕಾಚಾರ ಸರಳ: ಪೇಟೆಯ ಹುಡುಗಿಯರಿಗೆ ಶಾಲೆ ಆಗಿದೆ, ಹಳ್ಳಿಯವರಿಗೆ ಯಾರಿದ್ದಾರೆ? ಬೆಥನಿ ಸಿಸ್ಟರುಗಳು ದಕ್ಷಿಣ ಕನ್ನಡದ ಹಳ್ಳಿಗಳಿಗೆ ಹೋಗಿ ಕನ್ನಡ ಶಾಲೆ ನಡೆಸಿದರು.

ನಮ್ಮಮ್ಮ ಓದಿದ್ದು ಸಿಸ್ಟರುಗಳು ನಡೆಸುತ್ತಿದ್ದ ಅಂಥ ಒಂದು ಹಳ್ಳಿ ಶಾಲೆಯಲ್ಲೇ, ಪುತ್ತೂರು ಕಡೆ, ಏಳನೇ ಕ್ಲಾಸಿನವರೆಗೆ. ಈ ವಿಡಿಯೋಗೆ ತಯಾರಿ ಮಾಡುವಾಗ ಫೋನಿನಲ್ಲಿ “ಫೀಸು ಎಷ್ಟಿತ್ತಮ್ಮ?” ಅಂತ ಕೇಳಿದೆ.

“ಫೀಸಾ? ಮಧ್ಯಾಹ್ನ ಸಜ್ಜಿಗೆ ಅವರೇ ಕೊಡ್ತಿದ್ದದ್ದು ಮಾರಾಯ,” ಅಂದರು. ಅಮೆರಿಕದಿಂದ ಬರುತ್ತಿದ್ದ ಗೋಧಿ ನುಚ್ಚಿನ ಉಪ್ಪಿಟ್ಟು ಅದು, ಆ ಕಾಲದಲ್ಲಿ ಶಾಲೆ ಓದಿದವರಿಗೆಲ್ಲ ಅದರ ವಾಸನೆ ಗೊತ್ತು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಿಸ್ಟರ್ ಮನೆಗೆ ಬಂದು ಅಜ್ಜನ ಹತ್ರ ಜಗಳ ಮಾಡದಿದ್ರೆ ನಾನು ನಾಲ್ಕನೇ ಕ್ಲಾಸಿಗೇ ಬೀಡಿ ಕಟ್ಲಿಕ್ಕೆ ಕೂತ್ಕೊಳ್ತಿದ್ದೆ,” ಅಂದರು.

ಅಮ್ಮ ಮೂರು ವರ್ಷ ಹೆಚ್ಚು ಓದಿದರು. ಅದರಿಂದ ಮುಂದೆ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು, ಆ ಸಂಬಳದಲ್ಲಿ ನನ್ನ ಡಿಪ್ಲೊಮಾ ಆಯಿತು, ನಾನು ಇಲ್ಲಿ ಬಂದು ಕೂತಿದ್ದೇನೆ. 1951ರ ಜನಗಣತಿಯ ಪ್ರಕಾರ ದೇಶದಲ್ಲಿ ಓದು ಬರೆಹ ಬರುತ್ತಿದ್ದ ಹೆಂಗಸರು ನೂರಕ್ಕೆ 9ರ ಆಸುಪಾಸು. ಆ ಒಂಬತ್ತು ಮುಂದೆ ಹೆಚ್ಚುತ್ತಾ ಹೋಗಿದ್ದರಲ್ಲಿ ಇಂಥ ಜಗಳಗಳ ಪಾಲೂ ಇದೆ.

ಪದ ತಿರುಗಿದ್ದು ಹೇಗೆ

ಹಾಗಾದ್ರೆ ‘ಕಾನ್ವೆಂಟ್’ ಪದ ಯಾವಾಗ ಮಗುಚಿತು? ಎರಡು ಶಾಲೆಯ ಏರ್ಪಾಡಿನಲ್ಲೇ ಉತ್ತರ ಇದೆ. ಸ್ವಾತಂತ್ರ್ಯ ಬಂದ ಮೇಲೆ ಬೋರ್ಡಿಂಗ್ ಶಾಲೆಯಲ್ಲಿದ್ದ ಬ್ರಿಟಿಷರ ಮಕ್ಕಳು ಹೋದರು. ಆ ಜಾಗಕ್ಕೆ ಬಂದದ್ದು ನಮ್ಮವೇ ಮಧ್ಯಮ ವರ್ಗದ ಮಕ್ಕಳು. ನಮಗೆ ಕಂಡದ್ದು ಇಂಗ್ಲಿಷ್ ಮಾತಾಡುವ ಆ ಶಾಲೆ ಒಂದೇ. ಪಕ್ಕದ ತೆಲುಗು ಶಾಲೆ, ಕನ್ನಡ ಶಾಲೆಗೆ ಯಾರೂ ಕಾನ್ವೆಂಟ್ ಅನ್ನಲಿಲ್ಲ. ಹೆಸರು ಅರ್ಧಕ್ಕೆ ಮಾತ್ರ ಅಂಟಿಕೊಂಡಿತು. ಆಮೇಲೆ ಸಿಸ್ಟರುಗಳೇ ಇಲ್ಲದ ಖಾಸಗಿ ಶಾಲೆಗಳು ಆ ಹೆಸರನ್ನು ಎತ್ತಿಕೊಂಡವು.

ವಿಜಯವಾಡದಲ್ಲಿ ಇದು ಚೆನ್ನಾಗಿ ಕಾಣುತ್ತೆ. ಅಲ್ಲಿ 1962ರಲ್ಲಿ ಫ್ರಾನ್ಸಿಸ್ಕನ್ ಮಿಷನರೀಸ್ ಆಫ್ ಮೇರಿ ಸಿಸ್ಟರುಗಳು ಮ್ಯಾರಿಸ್ ಸ್ಟೆಲ್ಲಾ ಮಹಿಳಾ ಕಾಲೇಜು ತೆರೆದರು. ಈ ಸಭೆ ಹುಟ್ಟಿದ್ದೂ ನಮ್ಮ ಹತ್ತಿರದ ಊಟಿಯಲ್ಲೇ, 1877ರಲ್ಲಿ. ಆದರೆ ಇವತ್ತು ವಿಜಯವಾಡದಲ್ಲಿ ಓದು ಅಂದ ಕೂಡಲೇ ಜನರ ಕಣ್ಣಮುಂದೆ ಬರೋದು ಕಾರ್ಪೊರೇಟ್ ಜೂನಿಯರ್ ಕಾಲೇಜು, ಹಾಸ್ಟೆಲು, ಐಐಟಿ ಕೋಚಿಂಗು. ಹುಡುಗಿಯನ್ನು ಕಾಲೇಜಿಗೆ ಕಳಿಸಬೇಕೋ ಬೇಡವೋ ಅನ್ನೋ ಪ್ರಶ್ನೆ ಹೋಗಿ, ಯಾವ ರ‍್ಯಾಂಕು ಅನ್ನೋ ಪ್ರಶ್ನೆ ಬಂದಿದೆ. ಹೋದ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಆ ಸಿಸ್ಟರುಗಳೂ ಇದ್ದರು ಅನ್ನೋದು ಮರೆತುಹೋಗಿದೆ.

ಕಾನೂನಿನ ಒಂದು ವಿಚಿತ್ರ ಕೂಡ ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಗೊತ್ತಲ್ಲ, ಆರ್‌ಟಿಇ. ಖಾಸಗಿ ಶಾಲೆ ಶೇಕಡಾ 25 ಸೀಟು ಬಡ, ಹಿಂದುಳಿದ ಮಕ್ಕಳಿಗೆ ಬಿಡಬೇಕು ಅನ್ನುತ್ತೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ತಾವೇ ನಡೆಸುವ ಹಕ್ಕು ಕೊಟ್ಟಿದೆ. ಹಾಗಾಗಿ ಸುಪ್ರೀಂ ಕೋರ್ಟು 2012ರಲ್ಲಿ ಅನುದಾನವಿಲ್ಲದ ಅಲ್ಪಸಂಖ್ಯಾತ ಶಾಲೆಗಳನ್ನೂ 2014ರಲ್ಲಿ ಎಲ್ಲ ಅಲ್ಪಸಂಖ್ಯಾತ ಶಾಲೆಗಳನ್ನೂ ಕಾಯ್ದೆಯಿಂದ ಹೊರಗಿಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಆ 2014ರ ತೀರ್ಪಿನ ಬಗ್ಗೆ ಅನುಮಾನ ವ್ಯಕ್ತಪಡಿಸಿ, ದೊಡ್ಡ ಪೀಠ ನೋಡಲಿ ಅಂದಿದ್ದಾರೆ.

ಎರಡೂ ಕಡೆ ವಾದ ಇದೆ. ಸರ್ಕಾರ ಒಳಗೆ ಕೈಹಾಕಲು ಶುರುಮಾಡಿದರೆ ಅದು ಎಲ್ಲಿ ನಿಲ್ಲುತ್ತೆ ಅಂತ ಒಂದು ಕಡೆಯವರು ಕೇಳ್ತಾರೆ. ಬಡವರಿಗಾಗಿ ಹುಟ್ಟಿದ ಶಾಲೆಗೆ ಬಡವರ ಕೋಟಾದಿಂದ ವಿನಾಯಿತಿ ಯಾಕೆ ಅಂತ ಇನ್ನೊಂದು ಕಡೆಯವರು. ನನ್ನ ಅಭಿಪ್ರಾಯ ಹೇಳ್ತೀನಿ: ಕೋರ್ಟು ಏನೇ ಹೇಳಲಿ, ಕಾಯ್ದೆ ಹುಟ್ಟೋ 150 ವರ್ಷ ಮೊದಲೇ ತಾವಾಗಿ ಈ ಕೆಲಸ ಮಾಡಿದವರ ಶಾಲೆಗಳಲ್ಲಿ ಆ ಲೆಕ್ಕ ಇವತ್ತೂ ಗೋಡೆಯ ಮೇಲೆ ಇರಬೇಕು. ಈ ವರ್ಷ ಫೀಸಿಲ್ಲದೆ ಓದುತ್ತಿರುವ ಮಕ್ಕಳು ಇಷ್ಟು, ಅಂತ. ಸಿಸ್ಟರುಗಳು ಇವತ್ತಿಗೂ ಹಳ್ಳಿಗಳಲ್ಲಿ ಅನುದಾನಿತ ಶಾಲೆ, ಹಾಸ್ಟೆಲು ನಡೆಸುತ್ತಿದ್ದಾರೆ. ನಮಗೆ ಅದು ಕಾಣೋದಿಲ್ಲ, ಯಾಕಂದ್ರೆ ನಾವು ಕೇಳೋದು ಬೇರೆ ಶಾಲೆಯ ಅಡ್ಮಿಷನ್.

ನಮ್ಮ ಕಡೆಯೂ ಒಂದು ಪ್ರಶ್ನೆ ಇದೆ ಅಲ್ವಾ? ಶೇಕಡಾ 25ರಲ್ಲಿ ಬಂದ ಮಗು ನಮ್ಮ ಮಗುವಿನ ಪಕ್ಕ ಕೂತರೆ ನಾವು ಸುಮ್ಮನಿರ್ತೀವಾ, ಇಲ್ಲ ಗುಂಪಿನಲ್ಲಿ ಮೆಸೇಜ್ ಹಾಕ್ತೀವಾ?

ಮ್ಯೂಸಿಯಂ ಯಾಕೆ ಬೇಕು

ಪೆನೋಲಾದಲ್ಲಿ ನನಗೆ ಇಷ್ಟವಾದ ವಿಷಯ ಇದು. ಸಂತೆಯ ಊರು ಅಂತ ಅವರು ದೊಡ್ಡ ಗೋಪುರ ನಂಬಿಕೊಂಡು ಕೂತಿಲ್ಲ. ಉಳಿಸಿದ್ದು ಒಂದು ಕ್ಲಾಸ್‌ರೂಮ್. ನೋಡೋಕೆ ಬಂದವರು ಆ ಕೋಣೆಯ ಅಳತೆ ನೋಡ್ತಾರೆ, ಇಷ್ಟರಲ್ಲೇ ಶುರುವಾಯಿತಾ ಅಂತ ಕೇಳ್ತಾರೆ. ಸ್ಥಾಪಕರ ಫೋಟೋಗೆ ಹಾರ ಹಾಕಿ ನಮಸ್ಕಾರ ಮಾಡಿಬಿಟ್ಟರೆ ಈ ಪ್ರಶ್ನೆ ಏಳೋದಿಲ್ಲ.

ನಮ್ಮಲ್ಲಿ ಉಳಿಸಬೇಕಾದದ್ದೂ ಅದೇ. ಸ್ಥಾಪಕಿಯ ಜಪಮಾಲೆ, ಕುರ್ಚಿಯನ್ನ ಸಭೆಯವರು ಹೇಗೂ ಜೋಪಾನ ಮಾಡ್ತಾರೆ. ಕಳೆದುಹೋಗೋದು ಹಾಜರಿ ಪುಸ್ತಕ, ಅಡ್ಮಿಷನ್ ರಿಜಿಸ್ಟರು, ಸ್ಲೇಟು, ಹೊಲಿಗೆ ಕ್ಲಾಸಿನ ಮಾದರಿ ಬಟ್ಟೆ, ಸಜ್ಜಿಗೆ ಬೇಯಿಸಿದ ಹಂಡೆ. ತಂದೆಯ ಉದ್ಯೋಗ ಅನ್ನೋ ಕಾಲಂನಲ್ಲಿ ‘ಕೂಲಿ’ ಅಂತ ಬರೆದ ಒಂದು ರಿಜಿಸ್ಟರಿನ ಪುಟ ಇದ್ದರೆ ಸಾಕು, ಆ ಶಾಲೆ ಯಾರಿಗಾಗಿ ನಡೆಯಿತು ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ.

ಹಾಗಾಗಿ ಮೂರು ಕೆಲಸ.

ಒಂದು, ವಿಶಾಖಪಟ್ಟಣದಲ್ಲಿ ಇರೋರು ಒಂದು ಭಾನುವಾರ ಬೀಚ್ ಬಿಟ್ಟು ಹಳೇ ಊರಿನ ಕಡೆ ಹೋಗಿ ಬನ್ನಿ. ಬಂದರಿನ ಪಕ್ಕದ ಗುಡ್ಡಗಳ ಮೇಲೆ ಚರ್ಚು, ದರ್ಗಾ, ದೇವಸ್ಥಾನ ಮೂರೂ ಅಕ್ಕಪಕ್ಕ ಇವೆ. ಅಲ್ಲಿಂದ ಜ್ಞಾನಾಪುರಂ ದೂರ ಇಲ್ಲ. ಶಾಲೆ, ಮಠದ ಒಳಗೆ ಹೋಗಬೇಕಾದರೆ ಮೊದಲೇ ಕೇಳಿಕೊಂಡು ಹೋಗಿ, ಅದು ಜನ ಇರುವ ಮನೆ.

ಎರಡು, ಮೆಲ್ಬರ್ನ್, ಅಡಿಲೇಡಿನವರು ಮುಂದಿನ ರಜೆಯಲ್ಲಿ ಮಕ್ಕಳನ್ನು ಪೆನೋಲಾಕ್ಕೆ ಕರೆದುಕೊಂಡು ಹೋಗಿ. 1867ರ ಆ ಕೋಣೆ ತೋರಿಸಿ, ಇದರ ನಂಟು ತೆಲುಗು ಕರಾವಳಿಗೂ ಇದೆ ಅಂತ ಹೇಳಿ.

ಮೂರು, ಇದು ಎಲ್ಲರಿಗೂ. ನಿಮ್ಮ ಅಮ್ಮ, ಅಜ್ಜಿ, ಚಿಕ್ಕಮ್ಮ ಯಾರಾದರೂ ಸಿಸ್ಟರುಗಳ ಶಾಲೆಯಲ್ಲಿ ಓದಿದ್ದರೆ ಈ ವಾರ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಫೀಸು ಎಷ್ಟಿತ್ತು? ಯಾವ ಭಾಷೆಯಲ್ಲಿ ಪಾಠ? ಪಕ್ಕದಲ್ಲಿ ಯಾರು ಕೂರುತ್ತಿದ್ದರು? ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ, ಅವರನ್ನು ಕೇಳಿಕೊಂಡೇ. ಒಳ್ಳೆಯದನ್ನಷ್ಟೇ ಅಲ್ಲ, ಪೆಟ್ಟು ತಿಂದದ್ದು, ಬೇರೆ ಕೂರಿಸಿದ್ದು ಇದ್ದರೆ ಅದೂ ಇರಲಿ. ಹಳೇ ಗ್ರೂಪ್ ಫೋಟೋ ಇದ್ದರೆ ಹಿಂದೆ ಇಸವಿ ಮತ್ತು ಊರಿನ ಹೆಸರು ಬರೆದಿಡಿ. ನಮ್ಮಮ್ಮನ ಶಾಲೆಯ ಫೋಟೋ ಒಂದೇ ಒಂದು ಇದೆ, ಅದರಲ್ಲಿ ಮೂವತ್ತೆರಡು ಮಕ್ಕಳು. ಅಮ್ಮನಿಗೆ ಈಗ ಹೆಸರು ನೆನಪಿರೋದು ಹನ್ನೊಂದು ಜನರದ್ದು. ಅಷ್ಟನ್ನು ಬರೆದುಕೊಂಡಿದ್ದೇನೆ.

ಮುಂದಿನ ಮಾತುಕತೆಯಲ್ಲಿ ಸಿಗೋಣ. ನಮಸ್ಕಾರ.